ಸಾಹಿತಿಯ ಮೊದಲ ಶಾಲೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ನಮ್ಮಲ್ಲಿ ಹಿರಿಯರು ಮಕ್ಕಳನ್ನು ಗದರಿಸುವಾಗ ಬಳಸುತ್ತಾರೆ. ವಿಮರ್ಶಕರು ಸಾಹಿತಿಗಳನ್ನು ಹೊಗಳುವಾಗ ಬಳಸುತ್ತಾರೆ. ಯಾವ ಅಭಿನಂದನ ಗ್ರಂಥವನ್ನಾದರೂ ತೆರೆದು ನೋಡಿ. ಮೊದಲ ಲೇಖನದ ಮೊದಲ ಪುಟದಲ್ಲಿ ಕವಿಯ ಹುಟ್ಟೂರು, ಎರಡನೆಯ ಪುಟದಲ್ಲಿ ಅವನ ಮೊದಲ ಮೇಷ್ಟರು, ಮೂರನೆಯ ಪುಟದಲ್ಲಿ ಆ ಮೇಷ್ಟರು ಬಿತ್ತಿದ ಬೀಜವೇ ಇಂದು ಹೆಮ್ಮರವಾಗಿದೆ ಎಂಬ ಮಾತು. ಕೇಳಲು ಇಂಪಾದ ಮಾತು. ಆದರೆ ಅದೇ ಮೇಷ್ಟರು ಅದೇ ಕೊಠಡಿಯಲ್ಲಿ ಅದೇ ಬೀಜವನ್ನು ಇನ್ನೂ ಮೂವತ್ತು ಹುಡುಗರಲ್ಲಿ ಬಿತ್ತಿದ್ದರಲ್ಲ, ಅವರೆಲ್ಲ ಏನಾದರು? ಈ ಪ್ರಶ್ನೆಯನ್ನು ಅಭಿನಂದನ ಗ್ರಂಥ ಕೇಳುವುದಿಲ್ಲ. ವಿಮರ್ಶೆಯಾದರೂ ಕೇಳಬೇಡವೆ?

ಬಾಲ್ಯದ ಶಿಕ್ಷಣ ಮನುಷ್ಯನ ಮುಂದಿನ ಬಾಳನ್ನು ರೂಪಿಸುತ್ತದೆ ಎಂಬುದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಯಾವ ಬಗೆಯಲ್ಲಿ ರೂಪಿಸುತ್ತದೆ, ಶಾಲೆಯ ಯಾವ ಅಂಶ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಬೇರೆ ಮಾತು. ಇದಕ್ಕೆ ಉತ್ತರ ಹುಡುಕಲು ನಮ್ಮಲ್ಲಿ ಒಳ್ಳೆಯ ಸಾಮಗ್ರಿಯುಂಟು. ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಕನ್ನಡದಲ್ಲಿ ಬಂದ ಆತ್ಮಕಥೆಗಳು ಕಡಮೆಯಲ್ಲ. ಅವುಗಳಲ್ಲಿ ಶಾಲೆಯ ಪ್ರಸ್ತಾಪವಿಲ್ಲದ್ದು ಬಹುಶಃ ಒಂದೂ ಇಲ್ಲ. ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ನನಗೆ ತೋರಿದ ಒಂದು ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಹಿಂದಿನ ತಲೆಮಾರಿನ ಮೂವರನ್ನು ನೋಡೋಣ. ಕುವೆಂಪು ಅವರಿಗೆ ಮೊದಲ ಅಕ್ಷರಾಭ್ಯಾಸ ಆದದ್ದು ಕುಪ್ಪಳಿಯ ಮನೆಯಲ್ಲೇ, ದಕ್ಷಿಣ ಕನ್ನಡದ ಕಡೆಯಿಂದ ಕರೆಸಿಕೊಂಡ ಮೇಷ್ಟರಿಂದ. ಅನಂತರ ತೀರ್ಥಹಳ್ಳಿಯ ಶಾಲೆ, ಮೈಸೂರಿನ ವೆಸ್ಲಿಯನ್ ಹೈಸ್ಕೂಲು, ಮಹಾರಾಜಾ ಕಾಲೇಜು. ಮೆಟ್ಟಿಲು ತಪ್ಪದೆ ಏರಿದ ವಿದ್ಯಾಭ್ಯಾಸ ಅದು. ಶಿವರಾಮ ಕಾರಂತರದು ಇದಕ್ಕೆ ತದ್ವಿರುದ್ಧ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಅವರು ಕಾಲೇಜನ್ನು ನಡುವೆಯೇ ಬಿಟ್ಟರು. ಮತ್ತೆ ಅತ್ತ ತಿರುಗಿ ನೋಡಲಿಲ್ಲ. 1948ರಲ್ಲಿ ಪ್ರಕಟವಾದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಅವರ ಆತ್ಮಕಥೆಯನ್ನು ಓದಿದವರಿಗೆ ಆ ಮನಸ್ಸು ತರಗತಿಯ ನಾಲ್ಕು ಗೋಡೆಗೆ ಒಗ್ಗುವಂಥದ್ದಲ್ಲವೆಂಬುದು ಚೆನ್ನಾಗಿ ತಿಳಿದಿದೆ. ಇನ್ನು ಡಿ.ವಿ. ಗುಂಡಪ್ಪನವರು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ ವೇದಾಂತದಿಂದ ಹಿಡಿದು ರಾಜ್ಯಶಾಸ್ತ್ರದವರೆಗೆ ಅವರು ಮುಟ್ಟದ ವಿಷಯ ಅಪೂರ್ವ. ಅವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ಬರುವ ವೈದಿಕರು, ಗಾಯಕರು, ಕಚೇರಿಯ ಅಧಿಕಾರಿಗಳು, ಊರಿನ ಸಾಮಾನ್ಯ ಗೃಹಸ್ಥರು, ಇವರೇ ಅವರ ನಿಜವಾದ ಉಪಾಧ್ಯಾಯರಾಗಿದ್ದರೆಂದು ಹೇಳಬಹುದು.

ಹೀಗೆ ಒಬ್ಬರು ಎಂ.ಎ. ವರೆಗೆ ಓದಿದವರು, ಒಬ್ಬರು ಕಾಲೇಜು ಬಿಟ್ಟವರು, ಒಬ್ಬರು ಪರೀಕ್ಷೆಯಲ್ಲಿ ನಪಾಸಾದವರು. ಮೂವರೂ ಕನ್ನಡದಲ್ಲಿ ದೊಡ್ಡವರಾದರು. ಆದ್ದರಿಂದ ಪಾಠಪಟ್ಟಿಯಿಂದ ಸಾಹಿತಿಯನ್ನು ವಿವರಿಸುವುದು ಸಾಧ್ಯವಿಲ್ಲ. ಹಳೆಯ ಕೂಲಿಮಠಗಳ ವಿಷಯದಲ್ಲಿಯೂ ಇದೇ ಮಾತು. ಮರಳ ಮೇಲೆ ಬೆರಳಿನಿಂದ ಓನಾಮ ತಿದ್ದಿಸಿ, ಮಗ್ಗಿ ಒಪ್ಪಿಸಿ, ಅಮರವನ್ನೂ ಜೈಮಿನಿ ಭಾರತವನ್ನೂ ಬಾಯಿಪಾಠ ಮಾಡಿಸಿ, ತಪ್ಪಿದವನಿಗೆ ಕೋದಂಡ ಹಾಕುತ್ತಿದ್ದ ಐಗಳ ಕೈಕೆಳಗೆ ಕಲಿತವರಲ್ಲಿ ಪಂಡಿತರೂ ಆದರು, ಶ್ಯಾನುಭೋಗರೂ ಆದರು, ಮತ್ತೆಂದೂ ಪುಸ್ತಕ ಮುಟ್ಟದವರೂ ಆದರು. ಕಲಿತ ಪದ್ಯಗಳಲ್ಲಿ ಬಹುಪಾಲು ಮರೆತುಹೋಗಿರಬೇಕು. ಹಾಗಾದರೆ ಮರೆಯದೆ ಉಳಿದದ್ದೇನು?

ನನ್ನ ಅಭಿಪ್ರಾಯದಲ್ಲಿ ಎರಡು ವಸ್ತುಗಳು. ಒಂದು, ಶಾಲೆ ಮಗುವಿಗೆ ಕೊಟ್ಟ ನುಡಿ. ಇನ್ನೊಂದು, ಶಾಲೆ ಮಗುವಿಗೆ ಕೊಟ್ಟ ಜಾಗ, ಎಂದರೆ ಅದನ್ನು ಎಲ್ಲಿ ಕೂರಿಸಿದರು, ಹೇಗೆ ಕರೆದರು, ಯಾರ ಪಕ್ಕದಲ್ಲಿ ಇರಗೊಟ್ಟರು ಎಂಬುದು. ಪಾಠ ಮರೆತರೂ ಇವೆರಡು ಮರೆಯುವುದಿಲ್ಲ. ಮುಂದೆ ಆ ಮಗು ಸಾಹಿತಿಯಾದರೆ, ಮೊದಲನೆಯದು ಅವನ ಮಾಧ್ಯಮವಾಗುತ್ತದೆ. ಎರಡನೆಯದು ಅವನ ವಸ್ತುವಾಗುತ್ತದೆ.

ನುಡಿಯ ಮಾತನ್ನು ಮೊದಲು ಎತ್ತಿಕೊಳ್ಳೋಣ. ಕುವೆಂಪು ಅವರ ಮೊದಲ ಕವನ ಸಂಕಲನ ಇಂಗ್ಲಿಷಿನದು. ‘ಬಿಗಿನರ್ಸ್ ಮ್ಯೂಸ್’ ಎಂಬ ಹೆಸರಿನ ಆ ಪುಟ್ಟ ಪುಸ್ತಕ 1922ರಲ್ಲಿ ಪ್ರಕಟವಾಯಿತು. ಕವಿಗೆ ಆಗ ಇನ್ನೂ ಹದಿನೆಂಟು ತುಂಬಿರಲಿಲ್ಲ, ಅಥವಾ ಆಗತಾನೆ ತುಂಬಿತ್ತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ತರುಣನ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿನ್ನ ನುಡಿಯಲ್ಲಿ ಬರೆ ಎಂದು ಬುದ್ಧಿ ಹೇಳಿದ ಸಂಗತಿ ಕನ್ನಡಿಗರೆಲ್ಲರಿಗೂ ತಿಳಿದದ್ದೇ. ಈ ಕತೆಯನ್ನು ನಾವು ಸಾಮಾನ್ಯವಾಗಿ ಕಸಿನ್ಸರ ದೊಡ್ಡತನಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಆದರೆ ಇದರಲ್ಲಿ ಇನ್ನೊಂದು ಅರ್ಥವೂ ಇದೆ. ಹೈಸ್ಕೂಲು ಕೊಟ್ಟ ನುಡಿಯನ್ನು ಬಿಟ್ಟು ಆ ತರುಣ ಹಿಂತಿರುಗಬೇಕಾದರೆ, ಹಿಂತಿರುಗಲು ಒಂದು ನುಡಿ ಅವನಲ್ಲಿ ಮೊದಲೇ ಗಟ್ಟಿಯಾಗಿ ಇರಬೇಕಿತ್ತು. ಕುಪ್ಪಳಿಯ ಮನೆ ಮತ್ತು ತೀರ್ಥಹಳ್ಳಿಯ ಶಾಲೆ ಅದನ್ನು ಕೊಟ್ಟಿದ್ದವು. ಅವು ಕೊಡದೆ ಹೋಗಿದ್ದರೆ ಕಸಿನ್ಸರ ಉಪದೇಶ ಬರಿಯ ಉಪದೇಶವಾಗಿ ಉಳಿಯುತ್ತಿತ್ತು. ಮುಂದೆ ಇದೇ ಕವಿ 1956ರಿಂದ 1960ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಉನ್ನತ ಶಿಕ್ಷಣದಲ್ಲಿ ಕನ್ನಡಕ್ಕೆ ಎಡೆ ಮಾಡಿಕೊಡಲು ಹೆಣಗಿದ್ದನ್ನು ನೆನೆದರೆ, ಹುಡುಗನಾಗಿದ್ದಾಗ ಎರಡು ನುಡಿಗಳ ನಡುವೆ ಸಿಕ್ಕಿದ ಅನುಭವ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ಗೊತ್ತಾಗುತ್ತದೆ.

ನಾಲ್ಕು ದಶಕಗಳ ತರುವಾಯ ಇಂಥದೇ ಇನ್ನೊಂದು ಪ್ರಸಂಗ ನಡೆಯಿತು. ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ಮೊದಲ ಓದು ಮರಾಠಿಯಲ್ಲಿ. ಆಮೇಲೆ ತಂದೆಯವರಿಗೆ ಶಿರಸಿಗೆ ವರ್ಗವಾಗಿ ಕನ್ನಡದ ಪರಿಸರಕ್ಕೆ ಬಂದರು. ಹದಿಹರೆಯದಲ್ಲಿ ಧಾರವಾಡಕ್ಕೆ ಹೋದರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬುದು ಅವರ ತಾರುಣ್ಯದ ಹಂಬಲವಾಗಿತ್ತು. ಆದರೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಮನೆಯವರ ಆತಂಕ ಒಂದು ಕಡೆ, ತಮ್ಮ ಬಯಕೆ ಒಂದು ಕಡೆ ಎಳೆಯುತ್ತಿದ್ದಾಗ, ಅವರಿಂದ ಹೊರಟದ್ದು ‘ಯಯಾತಿ’ ನಾಟಕ. ಅದು ಹೊರಟದ್ದು ಕನ್ನಡದಲ್ಲಿ. ಇದು ತಮಗೇ ಅಚ್ಚರಿ ತಂದಿತೆಂದು ಅವರು ಹಲವೆಡೆ ಹೇಳಿಕೊಂಡಿದ್ದಾರೆ. ಮನಸ್ಸು ಇಕ್ಕಟ್ಟಿನಲ್ಲಿ ಸಿಕ್ಕಿದಾಗ ಮನೆಮಾತಾದ ಕೊಂಕಣಿಯೂ ನೆರವಿಗೆ ಬರಲಿಲ್ಲ, ಹಂಬಲದ ಭಾಷೆಯಾದ ಇಂಗ್ಲಿಷೂ ಬರಲಿಲ್ಲ. ಶಿರಸಿಯ ಶಾಲೆ, ಅಲ್ಲಿ ರಾತ್ರಿಯೆಲ್ಲ ನೋಡಿದ ಯಕ್ಷಗಾನ, ಕಂಪನಿ ನಾಟಕ, ಇವುಗಳ ಭಾಷೆ ಬಂತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ‘ಮೊದಲ ಶಾಲೆ’ ಎಂಬುದನ್ನು ಪಂಚಾಂಗದ ಲೆಕ್ಕದಲ್ಲಿ ಹಿಡಿಯಬಾರದು. ಮೊದಲು ಸೇರಿದ ಶಾಲೆಯೇ ಮೊದಲ ಶಾಲೆಯಲ್ಲ. ಮಗು ಆಟ, ಜಗಳ, ಭಯ, ಬೆರಗುಗಳನ್ನು ಯಾವ ನುಡಿಯಲ್ಲಿ ಪಡೆಯಿತೋ ಅದು ಅದರ ಮೊದಲ ಶಾಲೆ.

ಕನ್ನಡಕ್ಕೆ ಈವರೆಗೆ ಬಂದಿರುವ ಎಂಟು ಜ್ಞಾನಪೀಠ ಪ್ರಶಸ್ತಿಗಳಲ್ಲಿ ಮೂರು ಮನೆಯಲ್ಲಿ ಕನ್ನಡವಾಡದವರಿಗೆ ಸಂದಿವೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ‘ತುತ್ತೂರಿ’ಯ ಮೂಲಕ ಕನ್ನಡದ ಮಕ್ಕಳಿಗೆಲ್ಲ ಹಾಡು ಕೊಟ್ಟ ರಾಜರತ್ನಂ ಅವರದೂ ತಮಿಳು. ಇದನ್ನು ಕನ್ನಡದ ಔದಾರ್ಯವೆಂದು ನಾವು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಔದಾರ್ಯ ಇದ್ದದ್ದು ನಿಜ. ಆದರೆ ಔದಾರ್ಯ ಕೆಲಸ ಮಾಡಲು ಒಂದು ಬಾಗಿಲು ಬೇಕು. ಊರಿನ ಶಾಲೆ, ಊರಿನ ಬೀದಿ ಎರಡೂ ಕನ್ನಡವಾಗಿದ್ದದ್ದು ಆ ಬಾಗಿಲು. ಧಾರವಾಡದ ಸೀಮೆಯಲ್ಲಿ ಆ ಬಾಗಿಲೂ ತಾನಾಗಿ ತೆರೆದದ್ದಲ್ಲ. ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥ ವಿದ್ಯಾಧಿಕಾರಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಟ್ಟುಹಿಡಿದು ಕನ್ನಡ ಶಾಲೆಗಳನ್ನು ಕಟ್ಟಿದರು. ಬೇಂದ್ರೆಯವರ ವಿಷಯದಲ್ಲಿ ಶಾಲೆಗಿಂತ ಬೀದಿಯೇ ದೊಡ್ಡ ಗುರುವೆಂದು ಯಾರಾದರೂ ವಾದಿಸಿದರೆ ನಾನು ಒಪ್ಪುತ್ತೇನೆ. ಆ ಕಾವ್ಯದ ನುಡಿಗಟ್ಟು ಯಾವ ಪಠ್ಯಪುಸ್ತಕದಿಂದಲೂ ಬಂದದ್ದಲ್ಲ. ಆದರೆ ಬೀದಿಯಲ್ಲಿ ಕೇಳಿದ್ದನ್ನು ಬರೆಯಬಹುದು, ಬರೆದರೆ ಮಾನವುಂಟು ಎಂಬ ಧೈರ್ಯ ಬರಬೇಕಾದರೆ ಆ ನುಡಿಗೆ ಶಾಲೆಯ ಹಲಗೆಯ ಮೇಲೂ ಸ್ಥಾನವಿರಬೇಕಾಗುತ್ತದೆ.

ಇದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷ್ಯ ನಮ್ಮ ಮುಸ್ಲಿಂ ಲೇಖಕಿಯರ ಬಾಳಿನಲ್ಲಿ ದೊರೆಯುತ್ತದೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ. ಅಲ್ಲಿನ ಮುಸ್ಲಿಂ ಸಮಾಜದ ಹೆಣ್ಣುಮಕ್ಕಳಲ್ಲಿ ಹೈಸ್ಕೂಲಿನ ವರೆಗೆ ಓದಿದ ಮೊದಲಿಗರಲ್ಲಿ ಅವರೊಬ್ಬರು, ಓದಿದ್ದು ಕನ್ನಡದಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಆದರೆ ಅವರ ಕನ್ನಡ ಯಾವ ರಾಜ್ಯಕ್ಕೂ ಸೇರಿಹೋಗಲಿಲ್ಲ. ಮುಂದೆ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಅವರು ಮನೆಯೊಳಗಿನ ಮೌನವನ್ನು ಶಾಲೆ ಕೊಟ್ಟ ಭಾಷೆಯಲ್ಲಿ ಆಡಿ ತೋರಿಸಿದರು. ಬಾನು ಮುಷ್ತಾಕ್ ಅವರದೂ ಇಂಥದೇ ಕತೆ. ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಮಿಷನ್ ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ, ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕೆಂದು ಷರತ್ತು ಹಾಕಿದ್ದರಂತೆ. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳಂತೆ. ಮನೆಯಲ್ಲಿ ಉರ್ದುವಾಡುವ ಆ ಹುಡುಗಿ ಮುಂದೆ ಬರೆದ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದವು. ಪ್ರಶಸ್ತಿಯ ದಿನ ಸಂಭ್ರಮಿಸಿದ ನಾವೆಲ್ಲ ಆ ಷರತ್ತನ್ನೂ ಒಮ್ಮೆ ನೆನೆಯಬೇಕಾಗಿತ್ತು. ಬಾಗಿಲು ತೆರೆಯದೆ ಇದ್ದಿದ್ದರೆ ಆ ಕತೆಗಳು ಬೇರೆ ಯಾವ ನುಡಿಯಲ್ಲೋ ಹುಟ್ಟುತ್ತಿದ್ದವು, ಇಲ್ಲವೆ ಹುಟ್ಟುತ್ತಲೇ ಇರಲಿಲ್ಲ.

ಇನ್ನು ಎರಡನೆಯ ವಸ್ತು, ಜಾಗ. ಹಿಂದಿನ ಆತ್ಮಕಥೆಗಳಲ್ಲಿ ಈ ಮಾತು ಹೆಚ್ಚಾಗಿ ಕಾಣಿಸುವುದಿಲ್ಲ; ಕಾರಣ, ಅವುಗಳನ್ನು ಬರೆದವರಿಗೆ ತರಗತಿಯಲ್ಲಿ ಜಾಗವಿತ್ತು. ಇರುವ ಜಾಗದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಜಾಗವಿಲ್ಲದವರು ಬರೆಯತೊಡಗಿದ ಮೇಲೆಯೇ ನಮ್ಮ ವಿಮರ್ಶೆಗೆ ಈ ಪ್ರಶ್ನೆ ಎದುರಾದದ್ದು. ಡಾಕ್ಟರ್ ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಕೆಲವು ಪ್ರಸಂಗಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ. ಸಾತಾರದ ಶಾಲೆಯಲ್ಲಿ ಅವರು ಬೇರೆ ಮಕ್ಕಳಿಂದ ದೂರ, ಒಂದು ಗೋಣಿತಟ್ಟಿನ ಮೇಲೆ ಕೂರಬೇಕಾಗಿತ್ತು. ಆ ಗೋಣಿಯನ್ನು ಶಾಲೆಯ ಜವಾನ ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ತಾವೇ ಮನೆಗೆ ಒಯ್ದು ಬೆಳಿಗ್ಗೆ ಮತ್ತೆ ತರಬೇಕಾಗಿತ್ತು. ಬಾಯಾರಿದರೆ ಜವಾನನೇ ನಲ್ಲಿ ತಿರುಗಿಸಬೇಕು. ಅವನಿಲ್ಲದ ದಿನ ನೀರಿಲ್ಲ. ಆ ತರಗತಿಯಲ್ಲಿ ಆ ವರ್ಷ ಯಾವ ಪಾಠ ನಡೆಯಿತೆಂಬುದು ಇಂದು ಯಾರಿಗೂ ಬೇಕಾಗಿಲ್ಲ. ಗೋಣಿತಟ್ಟು ಮಾತ್ರ ಚರಿತ್ರೆಯಲ್ಲಿ ಉಳಿದಿದೆ. ದೇಶಕ್ಕೆ ಸಂವಿಧಾನ ಬರೆಯುವ ಕೆಲಸದಲ್ಲಿ ಮುಂದಾಳಾದ ಮನುಷ್ಯನ ಸಮಾನತೆಯ ಮಾತಿಗೆ ಎಲ್ಲಿಂದ ಅಷ್ಟು ತೂಕ ಬಂತೆಂದು ಕೇಳುವವರು ಆ ತಟ್ಟನ್ನು ಮರೆಯಬಾರದು.

ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಈ ದೃಷ್ಟಿಯಿಂದ ಓದಬೇಕು. ಮಾಗಡಿ ಕಡೆಯ ಮಂಚನಬೆಲೆಯಲ್ಲಿ, ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಉಳುತ್ತಿದ್ದುದನ್ನು, ಅವರಲ್ಲಿ ಒಬ್ಬರು ತನ್ನ ತಂದೆಯೇ ಆಗಿದ್ದುದನ್ನು ಒಬ್ಬ ಹುಡುಗ ಕಾಣುತ್ತಾನೆ. ಇದು ಶಾಲೆಯಲ್ಲಿ ನಡೆದದ್ದಲ್ಲ, ಆದರೂ ಶಿಕ್ಷಣವೇ. ಬಳಿಕ ಬೆಂಗಳೂರು, ಹಾಸ್ಟೆಲು, ಓದು. ನೆಮ್ಮದಿಯಾಗಿ ಓದಲು ಸ್ಥಳ ಬೇಕೆಂದು ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದುದನ್ನು ಅವರು ಎಷ್ಟು ನಗೆಯಿಂದ ಹೇಳುತ್ತಾರೆಂದರೆ, ಓದುಗ ನಕ್ಕು ಮುಗಿಸಿದ ಮೇಲೆಯೇ ಅವನಿಗೆ ಅರಿವಾಗುವುದು: ಬದುಕಿರುವವರ ನಡುವೆ ಜಾಗವಿಲ್ಲದ ಹುಡುಗನಿಗೆ ಸತ್ತವರು ಜಾಗ ಕೊಟ್ಟರು. ಅಳಬೇಕಾದ ಕಡೆ ನಗುವ ಈ ರೀತಿಯನ್ನು ಕೆಲವರು ‘ಊರುಕೇರಿ’ಯ ದೋಷವೆಂದು ಎಣಿಸಿದರೆ ಅದನ್ನು ನಾನು ಒಪ್ಪಲಾರೆ. 1975ರ ‘ಹೊಲೆಮಾದಿಗರ ಹಾಡು’ ಸಂಕಲನದಲ್ಲಿ ಸಿಟ್ಟಾಗಿ ಹೊರಬಿದ್ದದ್ದೇ ಎರಡು ದಶಕಗಳ ಅನಂತರದ ಗದ್ಯದಲ್ಲಿ ನಗುವಾಗಿ ಮಾಗಿದೆ. ಎರಡಕ್ಕೂ ಮೂಲ ಒಂದೇ, ಚಿಕ್ಕಂದಿನಲ್ಲಿ ಸಿಕ್ಕದೆ ಹೋದ ಜಾಗ.

ಶಾಲೆಯೊಳಗೇ ಇಲ್ಲದವರ ಮಾತೂ ಇಲ್ಲಿಯೇ ಬರಬೇಕು. ನಂಜನಗೂಡು ತಿರುಮಲಾಂಬ ಅವರು ಬಾಲ್ಯದಲ್ಲೇ ವೈಧವ್ಯಕ್ಕೆ ಗುರಿಯಾದವರು. ತಂದೆಯವರು ಮನೆಯಲ್ಲೇ ಓದಿಗೆ ಅನುಕೂಲ ಮಾಡಿಕೊಟ್ಟದ್ದರಿಂದ ಅವರು ಲೇಖಕಿಯಾದರು, ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ನಡೆಸಿದರು. ಅಂಥ ತಂದೆ ಇಲ್ಲದ ಮನೆಗಳಲ್ಲಿ ಉಳಿದುಹೋದ ಬಾಲವಿಧವೆಯರ ಆತ್ಮಕಥೆಗಳು ನಮ್ಮ ಗ್ರಂಥಾಲಯಗಳಲ್ಲಿಲ್ಲ.

ಕಥನ ಸಾಹಿತ್ಯ ಇದೇ ಸತ್ಯವನ್ನು ಬೇರೆ ಮಾರ್ಗದಿಂದ ತಲುಪಿದೆ. 1963ರ ‘ಪ್ರಶ್ನೆ’ ಸಂಕಲನದಲ್ಲಿರುವ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆ ನಡೆಯುವುದು ಒಂದು ಅಗ್ರಹಾರದ ವೇದಪಾಠಶಾಲೆಯಲ್ಲಿ. ಮನೆಬಿಟ್ಟು ಬಂದ ಚಿಕ್ಕ ಹುಡುಗನಿಗೆ ಅಲ್ಲಿ ಮಂತ್ರ ಕಲಿಸುತ್ತಾರೆ. ಅವನಿಗೆ ತಾಯಿಯ ಪ್ರೀತಿ ತೋರುವವಳು ಗುರುಗಳ ವಿಧವೆ ಮಗಳಾದ ಯಮುನಕ್ಕ. ಆಕೆ ಬಸುರಾಗುತ್ತಾಳೆ. ಶಾಸ್ತ್ರ ಬಲ್ಲ ತಂದೆಯೇ ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡಿ ಕೈತೊಳೆದುಕೊಳ್ಳುತ್ತಾನೆ. ಆ ಹುಡುಗ ಕಲಿತ ಮಂತ್ರಗಳಲ್ಲಿ ಎಷ್ಟು ಅವನ ನಾಲಗೆಯ ಮೇಲೆ ಉಳಿದವೆಂಬುದನ್ನು ಕತೆ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಅವನ ಶಿಕ್ಷಣ ಪೂರ್ತಿಯಾದದ್ದು ಆಕೆಯನ್ನು ಹೊರಗೆ ಹಾಕಿದ ದಿನ. ಪಾಠಶಾಲೆ ಕಲಿಸಬೇಕೆಂದು ಹೊರಟದ್ದು ಒಂದು, ಮಗು ಕಲಿತದ್ದು ಇನ್ನೊಂದು ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕತೆ ನಮ್ಮಲ್ಲಿ ಬೇರೊಂದಿರಲಾರದು. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ಚಿತ್ರವಾಗಿಸಿದಾಗ ಆ ಹುಡುಗನ ಕಣ್ಣನ್ನೇ ಚಿತ್ರದ ಕಣ್ಣಾಗಿಸಿಕೊಂಡದ್ದು ಸಾಧುವಾದ ನಿರ್ಣಯ.

ಇಷ್ಟಾದರೂ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಬಾಲ್ಯ ಕಾರಣ, ಬಾಳು ಕಾರ್ಯ ಎಂದು ಗೆರೆ ಎಳೆದುಬಿಡುವುದು ಸುಲಭ. ಕಾರಂತರ ‘ಮರಳಿ ಮಣ್ಣಿಗೆ’ ಆ ಸುಲಭದ ದಾರಿಗೆ ಅಡ್ಡ ನಿಲ್ಲುತ್ತದೆ. ಕಡಲತೀರದ ಹಳ್ಳಿಯ ಪುರೋಹಿತ ರಾಮ ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ಓದಿಸುತ್ತಾರೆ. ಲಚ್ಚ ಓದಿ ಮನೆಗೆ ದೂರನಾಗುತ್ತಾನೆ, ದುರ್ವ್ಯಸನಕ್ಕೆ ಬೀಳುತ್ತಾನೆ, ಆಸ್ತಿಯನ್ನೂ ಹೆಂಡತಿಯ ಬಾಳನ್ನೂ ಹಾಳುಮಾಡುತ್ತಾನೆ. ಇಲ್ಲಿಗೆ ನಿಲ್ಲಿಸಿದ್ದರೆ ಇದು ಇಂಗ್ಲಿಷ್ ವಿದ್ಯೆಯನ್ನು ಹಳಿಯುವ ಒಂದು ನೀತಿಕಥೆಯಾಗುತ್ತಿತ್ತು. ಆದರೆ ಕಾರಂತರು ಮೂರನೆಯ ತಲೆಮಾರನ್ನು ತರುತ್ತಾರೆ. ಲಚ್ಚನ ಮಗ ರಾಮನೂ ಅದೇ ವಿದ್ಯೆಯನ್ನು ಕಲಿತವನೇ. ಅಪ್ಪನಿಗಿಂತ ಹೆಚ್ಚಾಗಿಯೇ ಕಲಿತವನು. ಅವನು ಊರೂರು ಅಲೆದು ಕೊನೆಗೆ ಮಣ್ಣಿಗೆ ಮರಳುತ್ತಾನೆ. ವಿದ್ಯೆ ಒಂದೇ, ಫಲ ಎರಡು. ವ್ಯತ್ಯಾಸವಿರುವುದು ಮನೆಯಲ್ಲಿ. ಲಚ್ಚ ಬೆಳೆದದ್ದು ಎಲ್ಲರ ಆಸೆಯ ಕೂಸಾಗಿ; ರಾಮ ಬೆಳೆದದ್ದು ತಾಯಿ ನಾಗವೇಣಿಯ ಕಷ್ಟವನ್ನು ಕಣ್ಣಾರೆ ಕಂಡು. ಶಾಲೆ ಮಗುವಿಗೆ ಏನು ಕೊಟ್ಟಿತೆಂಬುದನ್ನು ಮನೆ ಏನು ಕೊಟ್ಟಿತೆಂಬುದರ ಜತೆಗಿಟ್ಟೇ ತೂಗಬೇಕೆಂಬುದು ಈ ಕಾದಂಬರಿಯ ತಿಳಿವು. ಕಾಲೇಜು ಬಿಟ್ಟ ಕಾರಂತರು ಶಿಕ್ಷಣವನ್ನು ಬಿಡಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಪುತ್ತೂರಿನ ಬಾಲವನ, 1936ರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು, ಇವು ಶಾಲೆಯೊಡನೆ ಜಗಳವಾಡಿದ ಮನುಷ್ಯ ಮಕ್ಕಳಿಗಾಗಿ ಮಾಡಿದ ಕೆಲಸಗಳು. ಶಾಲೆ ಅವರಿಗೆ ಕೊಡದೆ ಹೋದದ್ದನ್ನು ಅವರು ಮುಂದಿನವರಿಗೆ ಕೊಡಲು ಹೊರಟರು. ಕೊರತೆಯೂ ಒಂದು ಬಗೆಯ ತರಬೇತಿಯೇ.

ಇನ್ನೊಂದು ಎಚ್ಚರಿಕೆ ಆತ್ಮಕಥೆಗಳನ್ನೇ ಕುರಿತದ್ದು. ಅವುಗಳನ್ನು ಬರೆಯುವವರು ಗೆದ್ದವರು. ಐವತ್ತು ಅರವತ್ತರ ವಯಸ್ಸಿನಲ್ಲಿ ಹಿಂತಿರುಗಿ ನೋಡುವಾಗ, ತಾವು ಏನಾದೆವೋ ಅದಕ್ಕೆ ಹೊಂದುವ ನೆನಪುಗಳೇ ಮುಂದೆ ಬಂದು ನಿಲ್ಲುತ್ತವೆ. ಕವಿಯಾದವನಿಗೆ ಪದ್ಯ ಓದಿದ ಮೇಷ್ಟರು ನೆನಪಾಗುತ್ತಾರೆ; ಲೆಕ್ಕ ಹೇಳಿಕೊಟ್ಟವರು ಮರೆಯಾಗುತ್ತಾರೆ. ಅದೇ ಹಿಂದಿನ ಬೆಂಚಿನಿಂದ ನಾಲ್ಕನೆಯ ತರಗತಿಗೇ ಎದ್ದುಹೋದವನು ಆತ್ಮಕಥೆ ಬರೆಯಲಿಲ್ಲ. ಆದ್ದರಿಂದ ಗೋಣಿತಟ್ಟು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂದಾಗಲಿ, ಬಡತನ ಪ್ರತಿಭೆಯ ತಾಯಿ ಎಂದಾಗಲಿ ಯಾರೂ ಹೇಳದಿರಲಿ. ಗೋಣಿತಟ್ಟಿನ ಮೇಲೆ ಕೂತು ಕುಗ್ಗಿಹೋದವರ ಲೆಕ್ಕ ಯಾವ ಸಾಹಿತ್ಯ ಚರಿತ್ರೆಯಲ್ಲಿಯೂ ಸಿಗುವುದಿಲ್ಲ. ಸಾಹಿತ್ಯ ನಮಗೆ ತೋರಿಸುವುದು ಗಾಯವನ್ನು. ಗಾಯವೇ ಔಷಧವೆಂದು ಅದು ಎಲ್ಲಿಯೂ ಹೇಳಿಲ್ಲ.

ಈ ಮಾತುಗಳು ಹಳೆಯ ಪುಸ್ತಕಗಳಿಗೆ ಸಂಬಂಧಿಸಿದ ಪಂಡಿತರ ಜಿಜ್ಞಾಸೆಯೆಂದು ವಾಚಕರು ಎಣಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ದಿನನಿತ್ಯ ನಡೆಯುತ್ತಿರುವ ಚರ್ಚೆ ಇದೇ. ಪ್ರಾಥಮಿಕ ತರಗತಿಗಳಲ್ಲಿ ತಾಯ್ನುಡಿ ಅಥವಾ ಕನ್ನಡವೇ ಬೋಧನ ಮಾಧ್ಯಮವಾಗಿರಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆಜ್ಞೆ ಹೊರಡಿಸಿತು. ಅದು ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಹಾಗೆ ಕಡ್ಡಾಯ ಮಾಡುವ ಅಧಿಕಾರ ಸರ್ಕಾರಕ್ಕಿಲ್ಲವೆಂದೂ ಮಗುವಿನ ತಾಯ್ನುಡಿ ಯಾವುದೆಂದು ಹೇಳಬೇಕಾದವರು ತಂದೆತಾಯಿಗಳೇ ಎಂದೂ ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರ ತಾನೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಸಾಹಿತಿಗಳು ಪ್ರತಿಭಟಿಸಿದರು. ಆ ಪ್ರತಿಭಟನೆಯಲ್ಲಿ ನ್ಯಾಯವಿದೆ. ಕೊಂಕಣಿ, ಮರಾಠಿ, ತಮಿಳು, ಉರ್ದು ಮನೆಗಳ ಮಕ್ಕಳನ್ನು ಕನ್ನಡದ ಲೇಖಕರನ್ನಾಗಿ ಮಾಡಿದ ಬಾಗಿಲು ಇಂದು ಕನ್ನಡ ಮನೆಗಳ ಮಕ್ಕಳಿಗೇ ಮುಚ್ಚುತ್ತಿದೆ ಎಂಬ ಅಳಲು ಸುಳ್ಳಲ್ಲ. ಇನ್ನೊಬ್ಬ ಕಸಿನ್ಸ್ ಬಂದು ‘ನಿನ್ನ ನುಡಿಯಲ್ಲಿ ಬರೆ’ ಎಂದರೆ, ಹಿಂತಿರುಗಲು ಆ ಮಗುವಿಗೆ ನುಡಿಯೇ ಇಲ್ಲದೆ ಹೋದರೆ?

ಆದರೆ ಕೇರಿಯ ತಂದೆ ಇಂಗ್ಲಿಷ್ ಶಾಲೆಯನ್ನು ಕೇಳುವಾಗ ಅವನು ಕೇಳುತ್ತಿರುವುದು ನುಡಿಯನ್ನಲ್ಲ, ಜಾಗವನ್ನು. ಇದನ್ನು ನಮ್ಮ ವೇದಿಕೆಗಳು ಕೇಳಿಸಿಕೊಳ್ಳುತ್ತಿಲ್ಲ. ಕನ್ನಡ ಶಾಲೆಯಲ್ಲಿ ಅವನ ತಂದೆಗೆ ನುಡಿ ಸಿಕ್ಕಿತು, ಜಾಗ ಸಿಕ್ಕಲಿಲ್ಲ. ಉಳ್ಳವರೆಲ್ಲ ತಮ್ಮ ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಊರಿನ ಶಾಲೆಯನ್ನು ಬಡವರಿ೦ಗೆ ಬಿಟ್ಟುಕೊಟ್ಟ ಮೇಲೆ, ಆ ಶಾಲೆಯೇ ಒಂದು ದೊಡ್ಡ ಗೋಣಿತಟ್ಟಾಗಿಬಿಡುವ ಅಪಾಯವುಂಟು. ಅದರ ಮೇಲೆ ಕೂತು ಕನ್ನಡವನ್ನು ಉಳಿಸು ಎಂದು ಅವನ ಮಗುವಿಗೆ ಹೇಳುವ ಅಧಿಕಾರ, ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸಿ ಸಭೆಗೆ ಬಂದವರಿಗೆ ಇಲ್ಲ.

ಅನಂತಮೂರ್ತಿಯವರು ಎಲ್ಲ ವರ್ಗದ ಮಕ್ಕಳೂ ಒಂದೇ ಶಾಲೆಯಲ್ಲಿ ಕೂತು ಓದುವಂಥ ಸಮಾನ ಶಾಲೆಯ ಪರವಾಗಿ ತಮ್ಮ ಕೊನೆಯ ವರ್ಷಗಳವರೆಗೂ ವಾದಿಸುತ್ತಿದ್ದರು. ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಓದು ತೊಡಗಿ, ‘ಘಟಶ್ರಾದ್ಧ’ವನ್ನು ಬರೆದ ಲೇಖಕ ಆ ನಿಲುವಿಗೆ ಬಂದದ್ದು ಆಕಸ್ಮಿಕವಲ್ಲವೆಂದು ನನ್ನ ನಂಬಿಕೆ. ಒಂದು ಜಾತಿಯ ಮಕ್ಕಳು ಮಾತ್ರ ಕೂರುವ ಶಾಲೆ ಏನನ್ನು ಕಲಿಸುತ್ತದೆ, ಏನನ್ನು ಕಲಿಸಲಾರದು ಎಂಬುದನ್ನು ಅವರು ಒಳಗಿನಿಂದ ಬಲ್ಲವರು. ಅವರ ಸಲಹೆಯನ್ನು ರಾಜಕೀಯದ ಮಾತೆಂದು ಸಾಹಿತ್ಯದ ಜನ ಬದಿಗಿಟ್ಟರು. ನಮ್ಮ ಆತ್ಮಕಥೆಗಳನ್ನು ಕೂಡಿಸಿ ಓದಿದರೆ ಅದು ಸಾಹಿತ್ಯದ ಮಾತೇ ಎಂದು ಕಾಣುತ್ತದೆ. ನುಡಿಯನ್ನು ಜಾಗದಿಂದ ಬೇರ್ಪಡಿಸಿದ ದಿನ ಕನ್ನಡ ಬಡವರ ಪಾಲಿಗೆ ದಂಡವಾಗುತ್ತದೆ, ಉಳ್ಳವರ ಪಾಲಿಗೆ ಅಲಂಕಾರವಾಗುತ್ತದೆ. ಎರಡರಿಂದಲೂ ಸಾಹಿತ್ಯ ಹುಟ್ಟುವುದಿಲ್ಲ.

ಗಿಡವನ್ನು ಬಗ್ಗಿಸುವ ಗಾದೆಯನ್ನು ನಾವು ಬಹಳ ಕಾಲ ನಂಬಿದ್ದೇವೆ. ಗಿಡಕ್ಕೆ ಬಗ್ಗುವುದಕ್ಕಿಂತ ಮೊದಲು ಬೇಕಾದದ್ದು ಬೇರೂರಲು ನೆಲ, ತಲೆಯೆತ್ತಲು ಬೆಳಕು. ಮುಂದಿನ ಕನ್ನಡ ಲೇಖಕನೋ ಲೇಖಕಿಯೋ ಇಂದು ಯಾವುದೋ ಊರಿನ ಒಂದನೆಯ ತರಗತಿಯಲ್ಲಿರಬಹುದು. ಆ ಮಗುವಿಗೆ ಯಾವ ಪದ್ಯವನ್ನು ಬಾಯಿಪಾಠ ಮಾಡಿಸಬೇಕೆಂದು ಸಮಿತಿಗಳು ಚರ್ಚಿಸಲಿ. ಅದನ್ನು ಯಾವ ನುಡಿಯಲ್ಲಿ ಕರೆಯುತ್ತಿದ್ದೇವೆ, ಯಾರ ಪಕ್ಕದಲ್ಲಿ ಕೂರಿಸಿದ್ದೇವೆ ಎಂಬುದನ್ನು ಮಾತ್ರ ನಾವೆಲ್ಲರೂ ಕೇಳಬೇಕು.